ಮೈಕಮ್ಮನ ಮಗಳ ಹಾಜರಿ

ನಮ್ಮ ಬಸ್ಸಿಗೆ ಹಾರನ್ ಇಲ್ಲದಿದ್ದರೂ ನಡೆಯುತ್ತದೆ, ಕಂಡಕ್ಟರ್ ಇದ್ದಾಳಲ್ಲ. ಈ ಮಾತನ್ನು ಡಿಪೋದಲ್ಲಿ ಮೊದಲು ಆಡಿದವನು ನಾನೇ, ಅದೂ ಅವಳ ಎದುರಿಗೇ. ಅವಳು ಮುಖ ಊದಿಸಿಕೊಳ್ಳಲಿಲ್ಲ. ಹಾಗಾದರೆ ಹಾರನ್ ಬಿಚ್ಚಿ ಗುಜರಿಗೆ ಹಾಕಿ ಅಣ್ಣ, ಟೀ ಖರ್ಚಿಗಾದರೂ ಆಗುತ್ತೆ ಎಂದಳು. ಎಷ್ಟೋ ವರ್ಷದಿಂದ ನಾನು ಸ್ಟಿಯರಿಂಗ್ ಹಿಡಿಯುವುದು, ಅವಳು ಸೀಟಿ ಊದುವುದು. ಬೇರೆ ಕಂಡಕ್ಟರ್ ಬಂದ ದಿನ ನನಗೆ ಕೆಲಸ ಮಾಡಿದಂತೆಯೇ ಅನಿಸುವುದಿಲ್ಲ.

ಬಸ್ಸಿನ ಒಳಗುಟ್ಟು ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಬೇಕು. ಹಿಂದಿನ ಬಾಗಿಲಲ್ಲಿ ಯಾರು ಹತ್ತಿದರು, ಯಾರ ಕಾಲು ಇನ್ನೂ ಮೆಟ್ಟಿಲ ಮೇಲಿದೆ ಎಂಬುದು ಡ್ರೈವರಿಗೆ ಸರಿಯಾಗಿ ಕಾಣುವುದಿಲ್ಲ. ಜನ ಜಾಸ್ತಿಯಿದ್ದರಂತೂ ಕನ್ನಡಿಯ ತುಂಬ ಬೆನ್ನು, ಬ್ಯಾಗು. ಒಂದು ಸೀಟಿ ಊದಿದರೆ ನಿಲ್ಲಿಸುತ್ತೇನೆ, ಎರಡು ಊದಿದರೆ ಹೊರಡುತ್ತೇನೆ. ತಕ್ಷಣ ನಿಲ್ಲಿಸಬೇಕಾಗಿ ಬಂದು ಸೀಟಿಗೆ ಸಮಯವಿಲ್ಲದಿದ್ದರೆ ಅವಳು "ಹೋಲ್ಡಾನ್" ಎಂದು ಕೂಗುತ್ತಾಳೆ. ಆ ಕೂಗಿಗೆ ನನ್ನ ತಲೆಗಿಂತ ಮೊದಲು ನನ್ನ ಕಾಲು ಕಿವಿಗೊಡುತ್ತದೆ.

ಅವಳ ದನಿ ದಪ್ಪ, ಒರಟು, ನಡುನಡುವೆ ಒಡೆಯುತ್ತದೆ. ಕಣ್ಣು ಮುಚ್ಚಿ ಕೇಳಿದವರು ಯಾರೋ ಗಟ್ಟಿ ಆಳು ಎಂದೇ ಹೇಳುತ್ತಾರೆ. ದಿನಾ ಓಡಾಡುವ ಜನ ಅವಳಿಗೆ ಇಟ್ಟ ಹೆಸರು ಮೈಕಮ್ಮ. ಅವಳೂ ಆ ಹೆಸರನ್ನು ಸಂಬಳದ ಜೊತೆ ಬಂದ ಭತ್ಯೆ ಎಂಬಂತೆ ಸಂತೋಷವಾಗಿಯೇ ಇಟ್ಟುಕೊಂಡಳು.

ಆದರೆ ಆ ಸಂತೋಷ ಸುಮ್ಮನೆ ಬಂದದ್ದಲ್ಲ. ಕೊನೇ ಸ್ಟಾಪಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಅವಳು ಆಗಾಗ ಹೇಳಿದ್ದನ್ನೆಲ್ಲ ಸೇರಿಸಿದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಶಾಲೆಯಲ್ಲಿ ಅವಳ ಹೆಸರು ಕಪ್ಪೆ. ಅವಳು ಬಾಯಿ ತೆರೆದರೆ ಸಾಕು, ಹಿಂದಿನ ಬೆಂಚುಗಳಿಂದ ವಟರ್ ವಟರ್ ಎಂದು ಶುರುವಾಗುತ್ತಿತ್ತು. ಮೇಡಮ್ಮು ತರಗತಿಯ ಕಡೆ ಒಂದು ಸಲ ಕಣ್ಣು ಬಿಡುತ್ತಿದ್ದರು, ಆಮೇಲೆ ತಾವೂ ಮುಗುಳುನಗುತ್ತಿದ್ದರು. ಹಾಡಿನ ತಂಡಕ್ಕೆ ಎಲ್ಲರನ್ನೂ ಸೇರಿಸಿಕೊಂಡಾಗ ಅವಳಿಗೆ ಮಾತ್ರ, ನೀನು ತುಟಿ ಆಡಿಸು ಸಾಕು, ದನಿ ಬಿಡಬೇಡ ಎಂದರಂತೆ. ಅವಳು ಹಾಡಿನಲ್ಲಷ್ಟೇ ಅಲ್ಲ, ಎಲ್ಲ ಕಡೆಯೂ ತುಟಿ ಮಾತ್ರ ಆಡಿಸುವುದನ್ನು ಕಲಿತುಬಿಟ್ಟಳು. ಉತ್ತರ ಗೊತ್ತಿದ್ದರೂ ತಲೆ ತಗ್ಗಿಸುವುದು. ದಾರಿ ತಪ್ಪಿದರೂ ಯಾರನ್ನೂ ಕೇಳದಿರುವುದು. ಬೆಳಗಾದರೆ ಹೊಟ್ಟೆ ಹಿಂಡುವುದು, ಶಾಲೆಗೆ ರಜೆ ಎಂದು ಗೊತ್ತಾದ ತಕ್ಷಣ ಆ ನೋವು ಮಾಯವಾಗುವುದು. ಮನೆಯವರು ಇದನ್ನು ಕಳ್ಳಾಟ ಎಂದುಕೊಂಡರು. ಗಾಯವಾಗಿದ್ದರೆ ತೋರಿಸಬಹುದಿತ್ತು. ಇದನ್ನು ಎಲ್ಲಿ ಅಂತ ತೋರಿಸುವುದು?

ಒಂದು ಸಂಜೆ ಯಾರೋ ಅವಳನ್ನು ಆಟದ ಸಾಮಾನಿನ ಕೋಣೆಯೊಳಗೆ ದೂಡಿ ಚಿಲಕ ಹಾಕಿ ಹೋದರು. ಕಿಟಕಿಯಾಚೆಯೇ ಬೀದಿ. ಅವಳ ಗಂಟಲಿಗೆ ಒಂದೇ ಕೂಗು ಸಾಕಿತ್ತು, ಬೀದಿಗೆ ಬೀದಿಯೇ ಓಡಿ ಬರುತ್ತಿತ್ತು. ಅವಳು ಕೂಗಲಿಲ್ಲ. ಕಸ ಗುಡಿಸುವಾಕೆ ಬಂದು ಬಾಗಿಲು ತೆಗೆಯುವ ತನಕ ಚೆಂಡುಗಳ ಚೀಲದ ಮೇಲೆ ಕೂತಿದ್ದಳು. "ಕತ್ತಲೆಗೆ ಹೆದರಿಕೆ ಆಗ್ಲಿಲ್ಲ ಅಣ್ಣ, ನನ್ನ ದನಿಗೇ ಹೆದರಿಕೆ ಆಯ್ತು," ಎಂದಿದ್ದಳು ನನಗೆ. ಆ ವರ್ಷವೇ ಅವಳು ಶಾಲೆ ಬಿಟ್ಟಳು. ಜನ ದಡ್ಡಿ ಎಂದರು.

ಮುಂದೆ ಖಾಸಗಿಯಾಗಿ ಪರೀಕ್ಷೆ ಕಟ್ಟಿ, ಪಾಸಾಗಿ, ಕಂಡಕ್ಟರ್ ಕೆಲಸ ಹಿಡಿದಳು. ಮೊದಲ ದಿನಗಳಲ್ಲಿ ಅವಳು ಸ್ಟಾಪಿನ ಹೆಸರು ಹೇಳಿದರೆ ಪಕ್ಕದ ಸೀಟಿನವನಿಗೂ ಕೇಳಿಸುತ್ತಿರಲಿಲ್ಲ. ಜನ ಸ್ಟಾಪ್ ತಪ್ಪಿಸಿಕೊಂಡು ಅವಳ ಮೇಲೆ ಹಾರಾಡುತ್ತಿದ್ದರು. ನಮ್ಮ ಬಸ್ಸಿನಲ್ಲಿ ಒಬ್ಬರು ದಿನಾ ಬರುತ್ತಾರೆ, ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಅವರಿಗೆ ಕಣ್ಣು ಕಾಣುವುದಿಲ್ಲ. ಆಸ್ಪತ್ರೆಗೂ ಅದರ ಪಕ್ಕದ ಶಾಲೆಗೂ ಒಂದೇ ಸ್ಟಾಪ್. ಅವರು ಒಂದು ದಿನ, "ನೀವು ತಲೆ ಆಡಿಸಿದ್ರೆ ನಂಗೆ ಗೊತ್ತಾಗಲ್ಲಮ್ಮ, ಕೂಗಿದ್ರೆ ಮಾತ್ರ ನಾನು ಇಳಿಯೋದು," ಎಂದರು. ಅವಳು ಕಣ್ಣು ಮುಚ್ಚಿಕೊಂಡು ಕೂಗಿದಳು. "ಆಸ್ಪತ್ರೆ, ಸ್ಕೂಲ್, ಇಳಿಯೋರು ಬನ್ನಿ." ಇಡೀ ಬಸ್ಸು ತಿರುಗಿ ನೋಡಿತು. ನಾನೂ ಬೆಚ್ಚಿಬಿದ್ದೆ. ವಟರ್ ಎಂಬ ಸದ್ದಿಗಾಗಿ ಅವಳು ಕಾಯುತ್ತಾ ನಿಂತಿದ್ದಳಂತೆ, ಅದು ನನಗೆ ಆಮೇಲೆ ಗೊತ್ತಾಯಿತು. ಯಾರೂ ನಗಲಿಲ್ಲ. ಆಪರೇಟರ್ ಎದ್ದು, ಈ ರೂಟಿನಲ್ಲಿ ಇದುವರೆಗೂ ಯಾರೂ ಇಷ್ಟು ಸ್ಪಷ್ಟವಾಗಿ ಕೂಗಿರಲಿಲ್ಲ ಎಂದು ಹೇಳಿ, ಕೋಲು ಊರುತ್ತಾ ಇಳಿದು ಹೋದರು. ಅಲ್ಲಿಂದ ಮುಂದೆ ಅವಳನ್ನು ಸುಮ್ಮನಿರಿಸಿದ ಗಂಡಾಳು ಹುಟ್ಟಲಿಲ್ಲ.

ಹೆಣ್ಣಾಳು ಹುಟ್ಟಿದಳು. ಅವಳ ಮಗಳೇ.

ಹುಡುಗಿಗೆ ತಾಯಿಯ ಮೂಗು ಬರಲಿಲ್ಲ, ಬಣ್ಣ ಬರಲಿಲ್ಲ, ಗಂಟಲು ಮಾತ್ರ ಹಾಗೇ ಬಂತು. ಅಪ್ಪ ಬೇಕರಿಯವನು, ಬೆಳಕು ಹರಿಯುವ ಮೊದಲೇ ಒಲೆಯ ಮುಂದೆ ಇರಬೇಕು. ಹಾಗಾಗಿ ಪುಟ್ಟಿ ಚಿಕ್ಕಂದಿನಿಂದ ಶಾಲೆಗೆ ನಮ್ಮ ಬಸ್ಸಿನಲ್ಲೇ ಬರುವುದು. ನನ್ನ ಪಕ್ಕ ಇಂಜಿನ್ ಮುಚ್ಚಳದ ಮೇಲೆ ಕೂತು, ಹಿಂದಿನಿಂದ ಅವಳಮ್ಮ ಗಡಿಯಾರ ಕಟ್ಟೆ ಎಂದರೆ ಮುಂದಿನಿಂದ ಇವಳೂ ಗಡಿಯಾರ ಕಟ್ಟೆ ಎನ್ನುವಳು. ನಡುವೆ ಸಿಕ್ಕ ಜನ ಎರಡು ಕಿವಿಯನ್ನೂ ಮುಚ್ಚಿಕೊಂಡು ನಗುವರು. ಮಾಮ, ನಾನು ದೊಡ್ಡೋಳಾದ ಮೇಲೆ ನಿಮ್ಮ ಬಸ್ಸಿಗೇ ಬರ್ತೀನಿ ಎನ್ನುವಳು. ಅಷ್ಟು ಹೊತ್ತಿಗೆ ಈ ಬಸ್ಸು ಗುಜರಿಗೆ, ನಾನು ಮೂಲೆಗೆ ಎಂದರೆ, ಹೊಸ ಬಸ್ಸು ತಗೊಳ್ಳಿ ಎಂದು ಗದರುವಳು.

ಏಳನೇ ಕ್ಲಾಸಿಗೆ ಬಂದ ಮೇಲೆ ಅವಳು ಇಂಜಿನ್ ಮುಚ್ಚಳ ಬಿಟ್ಟು ನಡುವಿನ ಸೀಟಿಗೆ ಹೋದಳು. ದೊಡ್ಡವಳಾದಳು ಅಂದುಕೊಂಡೆ. ಆಮೇಲೆ ಅವಳ ದನಿ ಬದಲಾಯಿತು. ಏನಾದರೂ ಕೇಳಿದರೆ ಮೂಗಿನ ತುದಿಯಿಂದ ಕೀರಲು ದನಿಯಲ್ಲಿ ಉತ್ತರ ಕೊಡುತ್ತಿದ್ದಳು. ಯಾರದೋ ದನಿಯನ್ನು ಸಾಲ ತಂದಂತಿತ್ತು. ನೆಗಡಿಯಾ ಎಂದರೆ ತಲೆ ಅಲ್ಲಾಡಿಸಿದಳು. ಕೆಲವು ದಿನ ಕಳೆದ ಮೇಲೆ ಆ ಕೀರಲೂ ನಿಂತಿತು. ಕನ್ನಡಿಯಲ್ಲಿ ನೋಡಿದರೆ ಉಗುರು ಕಚ್ಚುತ್ತಾ ಕೂತಿರುತ್ತಿದ್ದಳು, ಕಚ್ಚಲು ಉಗುರು ಉಳಿಯದಾಗ ಬೆರಳಿನ ಸಿಪ್ಪೆ. ಡಬ್ಬಿಯಲ್ಲಿ ಕೊಟ್ಟ ಊಟ ಹಾಗೇ ವಾಪಸ್ ಬರುತ್ತದೆ, ಸೋಮವಾರ ಬಂದರೆ ಹೊಟ್ಟೆನೋವು ಎನ್ನುತ್ತಾಳೆ ಎಂದು ಅವಳಮ್ಮ ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಆ ಹೊಟ್ಟೆನೋವಿನ ಗುರುತು ಅವಳಿಗೆ ಇರಲಾರದೇ?

ಇದೇ ಸಮಯಕ್ಕೆ ಸರಿಯಾಗಿ ಒಂದು ಪೆಟ್ಟಿಗೆಯ ವಿಷಯ ಬಂತು. ಡಿಪೋದವರು ಎಲ್ಲ ಬಸ್ಸಿಗೂ ಒಂದು ಮಾತಾಡುವ ಪೆಟ್ಟಿಗೆ ಕೂರಿಸಿದ್ದರು. ಸ್ವಿಚ್ಚು ನನ್ನ ಮೊಣಕಾಲ ಪಕ್ಕ. ಒತ್ತಿದರೆ ಯಾರೋ ಹೆಂಗಸು ಜೇನು ಸುರಿಸಿದಂತೆ "ಮುಂದಿನ ನಿಲ್ದಾಣ" ಎಂದು ಶುರುಮಾಡುತ್ತಾಳೆ. ಹೇಳುವುದೆಲ್ಲ ತಪ್ಪು. ರಸ್ತೆ ರಿಪೇರಿಯೆಂದು ನಮ್ಮ ರೂಟಿನ ಒಂದು ಸ್ಟಾಪನ್ನು ತೆಗೆದುಹಾಕಿದ್ದರು, ಅದನ್ನು ಪೆಟ್ಟಿಗೆಗೆ ಯಾರೂ ತಿಳಿಸಿರಲಿಲ್ಲ. ಹಾಗಾಗಿ ಆ ಜೇನಮ್ಮ ಸದಾ ಒಂದು ಸ್ಟಾಪ್ ಹಿಂದೆಯೇ ಇರುತ್ತಿದ್ದಳು. ನಾವು ಅವಳ ಬಾಯಿ ಮುಚ್ಚಿಸಿ ಆರಾಮಾಗಿದ್ದೆವು.

ಒಂದು ಬೆಳಿಗ್ಗೆ ಮೈಕಮ್ಮ ನನ್ನ ಹತ್ತಿರ ಬಂದು, ನೀರಿನ ಟ್ಯಾಂಕ್ ಸ್ಟಾಪ್ ದಾಟಿದ ಮೇಲೆ ಆ ಪೆಟ್ಟಿಗೆ ಹಾಕಿ ಅಣ್ಣ, ಸ್ಕೂಲ್ ಸ್ಟಾಪ್ ಆದಮೇಲೆ ಆರಿಸಿಬಿಡಿ ಎಂದಳು. ಗಂಟಲು ಕೆಟ್ಟಿರಬೇಕು ಎಂದು ಹಾಕಿದೆ. ಮರುದಿನವೂ ಅದೇ ಮಾತು. ನೀರಿನ ಟ್ಯಾಂಕ್ ತನಕ ಗಾಜು ನಡುಗುವಂತೆ ಕೂಗುವವಳು ಅಲ್ಲಿಂದ ಮುಂದೆ ತುಟಿ ಪಿಟಕ್ ಎನ್ನದೆ ನಿಲ್ಲುವಳು. ಬೇಕಾದವರ ಹತ್ತಿರ ಹೋಗಿ ಕಿವಿಯಲ್ಲಿ ಹೇಳುವಳು. ನನಗೆ ಒಳಗೊಳಗೇ ಸಿಟ್ಟು.

ಹೀಗಿರುವಾಗ ಒಂದು ದಿನ ಜನ ತುಂಬಿ ತುಳುಕುತ್ತಿದ್ದರು, ಆಪರೇಟರ್ ಕಿವಿಯ ತನಕ ಹೋಗಲು ಅವಳಿಗೆ ಆಗಲಿಲ್ಲ. ಆಸ್ಪತ್ರೆಯ ಮುಂದೆ ಬಸ್ಸು ನಿಂತಾಗ ಜೇನಮ್ಮ ನೀರಿನ ಟ್ಯಾಂಕ್ ಎಂದಳು. ಅವರು ನಂಬಿ ಕೂತೇ ಇದ್ದರು, ಕೊನೇ ಸ್ಟಾಪಿಗೆ ಬಂದು ಇಳಿದರು. ಮೈಕಮ್ಮ ಅವರ ಎದುರಿಗೇ ನಿಂತಿದ್ದಳು. ಅವರು ನನ್ನ ಕಡೆ ತಿರುಗಿ, "ಕಂಡಕ್ಟರಮ್ಮ ಇವತ್ತು ರಜೆನಾ?" ಎಂದು ಕೇಳಿದರು.

ಅವರನ್ನು ಎದುರು ಬಸ್ಸಿಗೆ ಹತ್ತಿಸಿ ಬಂದ ಮೇಲೆ ನಾನು ತಡೆದುಕೊಳ್ಳಲಿಲ್ಲ. ಟೀ ಲೋಟ ಕೆಳಗಿಟ್ಟು ಅವಳ ಮೇಲೆ ರೇಗಿದೆ. ಅವಳು ಎಲ್ಲ ಕೇಳಿಸಿಕೊಂಡು ನಿಧಾನವಾಗಿ ಬಾಯಿಬಿಟ್ಟಳು. ಪುಟ್ಟಿಯ ಕ್ಲಾಸಿನ ಕೆಲವು ಹುಡುಗರು ನಮ್ಮ ಬಸ್ಸಿನಲ್ಲೇ ಬರುತ್ತಾರೆ. ಅಮ್ಮನ ಕೂಗನ್ನು ಕಲಿತುಕೊಂಡು ಹೋಗಿ ಕ್ಲಾಸಿನಲ್ಲಿ ಮಗಳ ಮುಂದೆ ಕೂಗುತ್ತಾರೆ. ಅವಳು ಎದ್ದು ನಿಂತರೆ ಹೋಲ್ಡಾನ್, ಕೂತರೆ ಎರಡು ಸೀಟಿ. ಅಮ್ಮ, ನಮ್ಮ ಸ್ಕೂಲ್ ಹತ್ರ ಬಂದಾಗ ನೀನು ಕೂಗಬೇಡ ಎಂದು ಮಗು ಕಾಲು ಹಿಡಿದು ಕೇಳಿತಂತೆ.

"ಇಷ್ಟು ವರ್ಷದಲ್ಲಿ ಅವಳು ನನ್ನ ಹತ್ರ ಕೇಳಿದ್ದು ಅದೊಂದೇ. ಕೊಡದೇ ಇರ್ಲಾ ಅಣ್ಣ?" ಎಂದಳು.

ಲೋಟ ಎತ್ತಿಕೊಂಡೆ, ಟೀ ಆರಿತ್ತು.

ಶಾಲೆಯಿಂದ ಕರೆ ಬಂದದ್ದು ಆ ವಾರವೇ. ಶಾಲೆ ಕೊನೇ ಸ್ಟಾಪಿಗೆ ಹತ್ತಿರ, ನಮ್ಮ ಬಿಡುವಿನ ಹೊತ್ತಿನಲ್ಲಿ ನಡೆದೇ ಹೋದೆವು. ಅವಳು ಒಬ್ಬಳೇ ಹೋಗುವುದು ನನಗೆ ಇಷ್ಟವಿರಲಿಲ್ಲ. ಹೆಡ್‌ಮೇಡಂ ಕೋಣೆಯಲ್ಲಿ ಪುಟ್ಟಿ ಗೋಡೆಗೆ ಒರಗಿ ನಿಂತಿದ್ದಳು, ಪಕ್ಕದಲ್ಲಿ ಕ್ಲಾಸ್ ಮೇಷ್ಟ್ರು. ಹಾಜರಿ ಸಾಲದು, ಹೀಗೇ ಆದರೆ ಪರೀಕ್ಷೆಗೆ ಕೂರಿಸುವ ಹಾಗಿಲ್ಲ, ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಎಂದರು ಹೆಡ್‌ಮೇಡಂ. ನಮಗೆ ತಲೆಬುಡ ಅರ್ಥವಾಗಲಿಲ್ಲ. ದಿನಾ ನಾವೇ ಕರೆತಂದು ಗೇಟಿನ ಮುಂದೆ ಇಳಿಸುತ್ತೇವಲ್ಲ!

ಮೇಷ್ಟ್ರು ವಿವರಿಸಿದರು. ಹುಡುಗಿ ಬರುತ್ತಾಳೆ, ಕೂರುತ್ತಾಳೆ. ಆದರೆ ಹೆಸರು ಕೂಗಿದರೆ ಓಗೊಡುವುದಿಲ್ಲ. ಎಷ್ಟು ಹೇಳಿದರೂ ಬಾಯಿ ಬಿಡುವುದಿಲ್ಲ. ಇದು ಹಟ. ಓಗೊಡದವರಿಗೆ ಗೈರುಹಾಜರಿ ಎಂದು ಅವರು ಮೊದಲೇ ಎಲ್ಲರಿಗೂ ಹೇಳಿದ್ದಾರೆ, ಒಬ್ಬಳಿಗಾಗಿ ನಿಯಮ ಬದಲಿಸಲಾಗದು. ಅವಳು ಓಗೊಟ್ಟಾಗ ಏನಾಗುತ್ತಿತ್ತು ಎಂದು ಮೈಕಮ್ಮ ಕೇಳಿದಳು. ಹುಡುಗರು ಸ್ವಲ್ಪ ತಮಾಷೆ ಮಾಡುತ್ತಿದ್ದರು, ಮಕ್ಕಳಲ್ಲವೇ ಎಂದರು ಮೇಷ್ಟ್ರು. ಕಣ್ಣೆದುರು ಕೂತ ಮಗುವನ್ನು ಇಲ್ಲ ಎಂದು ಬರೆಯುವ ಕೈ ಎಂಥದ್ದು ಎಂದು ನಾನು ಅವರ ಕೈಯನ್ನೇ ನೋಡಿದೆ. ಸಾಧಾರಣ ಕೈ. ಬೆರಳಿಗೆ ಸೀಮೆಸುಣ್ಣ ಮೆತ್ತಿತ್ತು.

ಹೆಡ್‌ಮೇಡಂ ಕೆಟ್ಟವರಲ್ಲ. ಅವರು ಒಂದು ದಾರಿ ಸೂಚಿಸಿದರು. ಹಿಂದಿನದನ್ನು ಸರಿ ಮಾಡೋಣ, ನಾಳೆಯಿಂದ ಇವಳು ಮಾತಾಡುವುದೇ ಬೇಡ, ಹೆಸರು ಕೂಗಿದಾಗ ಕೈ ಎತ್ತಿದರೆ ಸಾಕು. ನನಗೆ ಅದು ಸರಿಯೆಂದೇ ಅನಿಸಿತು. ಪುಟ್ಟಿಯೂ ತಲೆ ಎತ್ತಿದಳು.

"ಕೈ ಅಡ್ಡ ಹಾಕೋದು ಬಸ್ ನಿಲ್ಸೋಕೆ ಮೇಡಂ," ಎಂದಳು ಮೈಕಮ್ಮ. ಕೋಣೆಯ ಗಾಜು ಝಲ್ಲೆಂದಿತು. "ಅಣಕಿಸೋರು ಬಾಯ್ತುಂಬ ಕೂಗ್ಲಿ, ಅಣಕಿಸಿಕೊಂಡೋಳು ಮೂಕಿ ಥರ ಕೈ ಎತ್ಲಿ ಅಂತೀರಾ? ನನಗೂ ಹಿಂದೆ ಹೀಗೇ ಒಳ್ಳೇ ಮಾತಲ್ಲಿ ತುಟಿ ಮಾತ್ರ ಆಡಿಸು ಅಂದಿದ್ರು. ನನ್ನ ಮಗಳಿಗೆ ಬಾಯಿದೆ. ಅವಳ ಬಾಯಿ ಮುಚ್ಚಿಸಿದೋರ ವಿಚಾರ ಮೊದಲು ನೋಡಿ, ಆಮೇಲೆ ಇವಳ ಹಾಜರಿ ಕೇಳಿ."

ಹಾಗೆಯೇ ನೋಡುತ್ತೇವೆ ಎಂದರು ಹೆಡ್‌ಮೇಡಂ. ಮೇಷ್ಟ್ರ ಮುಖ ಹುಳ್ಳಗಾಗಿತ್ತು. ಆದರೂ ಇವಳು ಹೇಗಾದರೂ ಸರಿ ಓಗೊಡಲೇಬೇಕು ಎಂಬ ಮಾತನ್ನು ಇಬ್ಬರೂ ಬಿಡಲಿಲ್ಲ.

ಹೊರಗೆ ಬಂದು, ಮಕ್ಕಳು ನೀರು ಕುಡಿಯುವ ನಲ್ಲಿಗಳ ಹತ್ತಿರ ಅವಳು ಮಗಳ ಎದುರು ಕುಕ್ಕರುಗಾಲಲ್ಲಿ ಕೂತಳು. ಗೈರುಹಾಜರಿ ಬೀಳುತ್ತಿದೆ ಎಂದಾದರೂ ನನಗೆ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದಳು. ಪುಟ್ಟಿಯ ಬಾಯಿಂದ ಮಾತು ಹೊರಟಿತು, ಕೀರಲಲ್ಲ, ಅವಳದೇ ದನಿ. ಬಹಳ ದಿನದಿಂದ ಮುಚ್ಚಿಟ್ಟ ಬಾಗಿಲು ತೆಗೆದ ಹಾಗೆ ಕಿರ್ರೆಂದಿತು.

"ಏನು ಹೇಳ್ಲಿ? ನೀನೂ ಬಾಯಿ ಮುಚ್ಕೊಂಡೆಯಲ್ಲ. ನಮ್ಮ ಸ್ಕೂಲ್ ಬಂದ್ರೆ ಸಾಕು, ಆ ಪೆಟ್ಟಿಗೆ ಹಾಕಿಸ್ತೀಯ. ಅವರು ಹೇಳೋದೇ ಸರಿ ಅಂತ ನಿನಗೂ ಗೊತ್ತು ಅಂದ್ಕೊಂಡೆ."

"ನೀನೇ ಕೇಳಿದ್ದಲ್ವಾ ಪುಟ್ಟಿ?"

"ಕೇಳ್ದೆ. ನೀನು ಆಗಲ್ಲ ಅನ್ನಬೇಕಿತ್ತು."

ಮೈಕಮ್ಮ ಎದ್ದು ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು. ತೊಳೆಯುತ್ತಲೇ ಇದ್ದಳು. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು, ಅದನ್ನೂ ನೀರಿನಲ್ಲಿ ಮುಚ್ಚಿಕೊಂಡಳು. ಸ್ಕೂಲ್ ಹತ್ತಿರ ಬಾಯಿ ಮುಚ್ಚಿಕೊಂಡದ್ದು ಮಗುವಿನ ಮೇಲಿನ ಪ್ರೀತಿಯಿಂದಲೇ ಮಾಡಿದ ತಪ್ಪು. ಹೀಗೆ ಮಾಡಲು ಇಂಥ ಗಂಟಲಿರುವ ತಾಯಿಗೆ ಮಾತ್ರ ಸಾಧ್ಯ.

ಮಾರನೇ ಬೆಳಿಗ್ಗೆ ನೀರಿನ ಟ್ಯಾಂಕ್ ದಾಟಿತು. ಅಭ್ಯಾಸಬಲದಿಂದ ನನ್ನ ಕೈ ಸ್ವಿಚ್ಚಿನ ಕಡೆ ಹೋಯಿತು. "ಅಣ್ಣ, ಅದನ್ನ ಮುಟ್ಟಬೇಡಿ," ಎಂದು ಹಿಂದಿನಿಂದ ಬಂತು, ಬಸ್ಸಿನವರೆಲ್ಲ ಕೇಳುವಂತೆ. ನಾನು ಕೈ ತೆಗೆದೆ. ಆಮೇಲೆ ಅವಳು ಕೂಗಿದಳು ನೋಡಿ, ಅಷ್ಟು ದಿನದ ಬಾಕಿಯೆಲ್ಲ ಸೇರಿಸಿ ಕೂಗಿದಳು. "ಆಸ್ಪತ್ರೆ, ಸ್ಕೂಲ್, ಇಳಿಯೋರು ಬನ್ನಿ." ಆಪರೇಟರ್ ತಮ್ಮ ಸೀಟಿನಿಂದ, ಬಂದ್ರಾ ತಾಯಿ, ರಜೆ ಮುಗೀತಾ ಎಂದರು. ಹಿಂದಿನ ಸೀಟಿನಿಂದ ಹುಡುಗರ ಅಣಕು ಶುರುವಾಯಿತು. ಮೈಕಮ್ಮ ಅವರ ಹತ್ತಿರ ಹೋಗಿ, ಕೂಗೋದಾದರೆ ಹೊಟ್ಟೆಯಿಂದ ಕೂಗ್ರಪ್ಪ, ಇದು ಮುಂದಿನ ಸೀಟಿಗೂ ಕೇಳಿಸುತ್ತಿಲ್ಲ ಎಂದಳು. ಜನ ನಕ್ಕರು. ಪುಟ್ಟಿ ಮಾತ್ರ ನಗಲಿಲ್ಲ, ಕಿಟಕಿಯಾಚೆ ನೋಡುತ್ತಾ ಬೆರಳು ಕಚ್ಚುತ್ತಿದ್ದಳು.

ಸ್ಟಾಪ್ ಬಂತು. ಮಕ್ಕಳು ದಬದಬನೆ ಇಳಿದರು, ಪುಟ್ಟಿಯೂ ಇಳಿದಳು. ಮೈಕಮ್ಮ ಯಾರದೋ ಮಗು ಬಿಟ್ಟುಹೋದ ಬ್ಯಾಗನ್ನು ಸೀಟಿನ ಕೆಳಗಿಂದ ಎಳೆಯುತ್ತಿದ್ದಳು. ಆಗ ಎರಡು ಸೀಟಿ ಕೇಳಿಸಿತು, ಸ್ಪಷ್ಟವಾಗಿ. ನಾನು ಗೇರ್ ಹಾಕಿ ಬಸ್ಸು ಬಿಟ್ಟೆ.

"ಹೋಲ್ಡಾನ್."

ನನ್ನ ಕಾಲು ಬ್ರೇಕಿನ ಮೇಲೆ ಬಿತ್ತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು. ಅವಳು ಕೂಗಿದ್ದೆಂದು ಕನ್ನಡಿಯಲ್ಲಿ ನೋಡಿದರೆ, ಮೈಕಮ್ಮ ಬ್ಯಾಗು ಹಿಡಿದುಕೊಂಡು ಬಾಯಿ ಮುಚ್ಚಿ ನಿಂತಿದ್ದಾಳೆ, ಅವಳ ಕಣ್ಣು ಬಾಗಿಲಾಚೆ ನೆಟ್ಟಿದೆ. ಕೂಗು ಬಂದದ್ದು ರಸ್ತೆಯಿಂದ. ನಾನು ಇಳಿದು ಓಡಿದೆ. ಆಪರೇಟರ್ ಬಾಗಿಲ ಕಂಬಿ ಹಿಡಿದು ನೇತಾಡುತ್ತಿದ್ದರು, ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ, ಕೋಲು ಹಿಂದಿನ ಚಕ್ರದ ಪಕ್ಕ. ಪುಟ್ಟಿ ಅವರ ತೋಳು ಹಿಡಿದುಕೊಂಡಿದ್ದಳು. ಇನ್ನೊಂದು ಗಜ ಹೋಗಿದ್ದರೆ ಎಂದು ಯೋಚಿಸಲು ಈಗಲೂ ಮನಸ್ಸಾಗುವುದಿಲ್ಲ.

ಸೀಟಿ ಊದಿದವನು ಪುಟ್ಟಿಯ ಕ್ಲಾಸಿನ ಹುಡುಗ, ಇಳಿಯುವ ಮೊದಲು ತಮಾಷೆಗೆಂದು ಊದಿ ಹಿಂದಿನ ಸೀಟಿನಲ್ಲೇ ಉಳಿದಿದ್ದ, ಬೆರಳು ಇನ್ನೂ ಬಾಯಿಯ ಹತ್ತಿರ, ಮುಖದಲ್ಲಿ ರಕ್ತವಿಲ್ಲ. ಕ್ಲಾಸಿನಲ್ಲಿ ಪುಟ್ಟಿಯ ಬೆನ್ನಿಗೆ ದಿನಾ ಊದುತ್ತಿದ್ದ ಸೀಟಿ ಅದೇ. ನಾನು ಕೈ ಎತ್ತಿದ್ದೆ, ಮೈಕಮ್ಮ ಅಡ್ಡ ಬಂದಳು. ಕೈ ಇಳಿಸಿ ಅಣ್ಣ, ನನ್ನ ಬಸ್ಸಲ್ಲಿ ಮಕ್ಕಳಿಗೆ ಹೊಡೆಯೋ ಹಾಗಿಲ್ಲ ಎಂದಳು. ಹುಡುಗನನ್ನು ಇಳಿಸಿ, ಆಪರೇಟರ್ ಕೈಯನ್ನು ಅವನ ಭುಜದ ಮೇಲೆ ಇಟ್ಟಳು. "ಇವರನ್ನ ಆಸ್ಪತ್ರೆ ಬಾಗಿಲ ತನಕ ಕರ್ಕೊಂಡು ಹೋಗು. ದಾರೀಲಿ ಏನೇನಿದೆ ಅಂತ ಕೂಗಿ ಹೇಳ್ತಾ ಹೋಗ್ಬೇಕು, ಅವರಿಗೆ ಕೇಳಿಸ್ಬೇಕು. ಆಮೇಲೆ ಹೆಡ್‌ಮೇಡಂ ಹತ್ರ ನೀನು ಮಾಡಿದ್ದನ್ನ ನೀನೇ ಹೇಳು. ನಾನೂ ಹೇಳ್ತೀನಿ."

ಹುಡುಗ ಹೊರಟ. ಗುಂಡಿ ಇದೆ ಎಂದನೋ, ಮೆಟ್ಟಿಲು ಇದೆ ಎಂದನೋ, ದನಿಯೇ ಹೊರಡುತ್ತಿರಲಿಲ್ಲ. ಸ್ವಲ್ಪ ಜೋರಾಗಿ ಹೇಳಪ್ಪ ಎಂದು ಆಪರೇಟರ್ ರಸ್ತೆಯುದ್ದಕ್ಕೂ ಹೇಳುತ್ತಾ ಹೋದರು.

ಪುಟ್ಟಿ ರಸ್ತೆಯ ಅಂಚಿನಲ್ಲಿ ನಿಂತಿದ್ದಳು. ಗೇಟಿನಲ್ಲಿದ್ದ ಮಕ್ಕಳು, ಆಸ್ಪತ್ರೆಗೆ ಬಂದವರು, ಎದುರು ಅಂಗಡಿಯವರು, ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ತನ್ನ ಗಂಟಲ ಮೇಲೆ ಕೈ ಇಟ್ಟುಕೊಂಡಿದ್ದಳು. ಅವಳಮ್ಮ ಹತ್ತಿರ ಹೋಗಲಿಲ್ಲ. ಹೋಗಲು ಮನಸ್ಸು ಎಷ್ಟು ಎಳೆದಿರಬೇಕು. ಬಸ್ಸು ಹತ್ತಿ ಎರಡು ಸೀಟಿ ಊದಿದಳು.

ಆ ದಿನ ಪೂರ್ತಿ ನನಗೆ ಗೇರ್ ಸರಿಯಾಗಿ ಬೀಳಲಿಲ್ಲ. ಮೈಕಮ್ಮ ಒಬ್ಬರಿಗೆ ಟಿಕೆಟ್ ಕೊಟ್ಟು ಅವರಿಗೇ ಮತ್ತೊಮ್ಮೆ ಕೊಡಲು ಹೋದಳು. ಸಂಜೆ ಶಾಲೆಯ ಮುಂದೆ ನಿಲ್ಲಿಸಿದಾಗ ಪುಟ್ಟಿ ಮುಂದಿನ ಬಾಗಿಲಿನಿಂದ ಹತ್ತಿ ಬಂದು, ಹೇಳದೆ ಕೇಳದೆ ಇಂಜಿನ್ ಮುಚ್ಚಳದ ಮೇಲೆ ಕೂತಳು. ಹಿಂದಿನಿಂದ ಅವಳಮ್ಮ ಜನರನ್ನು ಸರಿಸಿಕೊಂಡು ಬಂದು ನಿಂತಳು.

"ಹಾಜರಿ ಕೂಗಿದ್ರಾ?" ಎಂದಳು.

"ಕೂಗಿದ್ರು."

"ನೀನು?"

"ಬಂದಿದ್ದೀನಿ ಸಾರ್ ಅಂದೆ."

"ನಕ್ಕರಾ?"

ಪುಟ್ಟಿ ಬ್ಯಾಗನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. "ನಕ್ಕರು. ಅದಕ್ಕೇ ಇನ್ನೊಂದು ಸಲ ಅಂದೆ."